ಬಿಟ್ಟ ಮೇಲಿನ ಹಾವು

ಪೂರ್ವಕ್ಕೆ ಪಾರಸಿಕ್ ಗುಡ್ಡಸಾಲು, ಪಶ್ಚಿಮಕ್ಕೆ ಥಾಣೆ ಕೊಲ್ಲಿಯ ಕಾಂಡ್ಲಾ ಕಾಡು, ನಡುವೆ ಎಂಐಡಿಸಿ ಕಾರ್ಖಾನೆಗಳು, ಎಪಿಎಂಸಿ ಮಾರುಕಟ್ಟೆಯ ಗೋದಾಮುಗಳು, ರೈಲುಹಳಿ, ಚಾಳು ಮತ್ತು ಝೋಪಡಪಟ್ಟಿಗಳು ಒತ್ತೊತ್ತಾಗಿ ಸೇರಿಕೊಂಡಿರುವ ನವಿ ಮುಂಬಯಿಯ ತುರ್ಭೆಯಲ್ಲಿ ಹಾವು ಕಾಣಿಸಿಕೊಂಡರೆ ಅಚ್ಚರಿಪಡಬೇಕಾದುದೇನೂ ಇಲ್ಲ. ಧಾನ್ಯವಿದ್ದಲ್ಲಿ ಇಲಿ ಸೇರುತ್ತದೆ, ಇಲಿಯಿದ್ದಲ್ಲಿಗೆ ಕೇರೆಹಾವೂ ನಾಗರಹಾವೂ ಬರುತ್ತವೆ. ಮಳೆಗಾಲದಲ್ಲಿ ಬಿಲಗಳಿಗೆ ನೀರು ನುಗ್ಗಿದಾಗ ಅವು ಗಟಾರದ ಚಪ್ಪಡಿಯಡಿಗೋ ಪಾರ್ಕಿಂಗ್ ಜಾಗದ ಮೂಲೆಗೋ ಏರಿ ಕೂರುತ್ತವೆ. ಮಹಾರಾಷ್ಟ್ರದಲ್ಲಿ ಸರ್ಪಮಿತ್ರ ಎಂದು ಕರೆಯಲ್ಪಡುವ ಸ್ವಯಂಸೇವಕರಿಗೆ ಆಗ ಫೋನು ಹೋಗುತ್ತದೆ, ಹಾವು ಚೀಲಕ್ಕೆ ಸೇರುತ್ತದೆ, ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸಿ ಅದನ್ನು ಗುಡ್ಡದ ಕಡೆ ಬಿಟ್ಟು ಬರಲಾಗುತ್ತದೆ. ಹಾಗೆ ಬಿಟ್ಟ ಹಾವು ಮರುದಿನ ಎಲ್ಲಿತ್ತು, ಮುಂದಿನ ತಿಂಗಳಲ್ಲಿ ಬದುಕಿತ್ತೇ ಎಂದು ವಿಚಾರಿಸುವವರು ಬಹಳ ಕಡಿಮೆ. ಹಾವುಗಳ ಕ್ಷೇತ್ರ ಸಂಶೋಧನೆ ಎಂದರೆ ಮುಖ್ಯವಾಗಿ ಈ ಪ್ರಶ್ನೆಯ ಬೆನ್ನು ಹತ್ತುವ ಕೆಲಸ. ಹಾವನ್ನು ಹಿಡಿಯುವುದು ಅದರಲ್ಲಿ ಎಲ್ಲಕ್ಕಿಂತ ಸಣ್ಣ ಭಾಗ.

ಹಕ್ಕಿ ಕೂಗಿ ತನ್ನ ಇರವನ್ನು ತಿಳಿಸುತ್ತದೆ, ಹುಲಿ ಮರಕ್ಕೆ ಉಗುರು ಗೀರಿ, ಹೆಜ್ಜೆಯೂರಿ ಗುರುತು ಬಿಡುತ್ತದೆ. ಹಾವಾದರೋ ಆಯುಷ್ಯದ ಬಹುಪಾಲನ್ನು ಬಿಲ, ಹುತ್ತ, ಬೇರಿನ ಸಂದು, ಕಲ್ಲಿನಡಿಗಳಲ್ಲಿ ಸದ್ದಿಲ್ಲದೆ ಕಳೆಯುತ್ತದೆ ಮತ್ತು ಅದು ಮನುಷ್ಯನ ಕಣ್ಣಿಗೆ ಬೀಳುವುದು ಬಹುತೇಕ ಆಕಸ್ಮಿಕ. ಈ ಕಾರಣದಿಂದ ದೀರ್ಘಕಾಲ ಹಾವುಗಳ ಕುರಿತ ಜ್ಞಾನವೆಲ್ಲ ಸತ್ತ ಹಾವುಗಳಿಂದಲೇ ಬಂತು. 1883ರಲ್ಲಿ ಸ್ಥಾಪನೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯಂಥ ಸಂಸ್ಥೆಗಳ ಸಂಗ್ರಹದಲ್ಲಿ ಗಾಜಿನ ಭರಣಿಗಳಲ್ಲಿ ಕಾಪಿಟ್ಟ ಮಾದರಿಗಳನ್ನು ನೋಡಿ ಹಾವಿನ ಹೊಟ್ಟೆಯಡಿಯ ಹುರುಪೆಗಳು ಎಷ್ಟು, ವಿಷದ ಹಲ್ಲು ಎಲ್ಲಿದೆ, ಕೊನೆಯ ಊಟದಲ್ಲಿ ಅದು ಏನನ್ನು ನುಂಗಿತ್ತು ಎಂಬುದನ್ನೆಲ್ಲ ಹೇಳಬಹುದು. ಆದರೆ ಅದೇ ಹಾವು ಒಂದು ವರ್ಷದಲ್ಲಿ ಎಷ್ಟು ನೆಲವನ್ನು ಬಳಸುತ್ತಿತ್ತು, ಹಗಲಿನಲ್ಲಿ ಎಲ್ಲಿ ಮಲಗುತ್ತಿತ್ತು, ಹೆಣ್ಣನ್ನು ಹುಡುಕಲು ಎಷ್ಟು ದೂರ ಹೋಗುತ್ತಿತ್ತು ಎಂಬುದನ್ನು ಯಾವ ಭರಣಿಯೂ ಹೇಳಲಾರದು.

ಜೀವಂತ ಹಾವನ್ನು ಅಭ್ಯಸಿಸುವ ಮೊದಲ ದಾರಿ ಎಂದರೆ ಅದಕ್ಕೊಂದು ಗುರುತು ಹಾಕಿ ಬಿಟ್ಟು, ಮುಂದೆಂದಾದರೂ ಅದೇ ಹಾವು ಸಿಕ್ಕಾಗ ಬೆಳವಣಿಗೆಯನ್ನೂ ಸ್ಥಳವನ್ನೂ ಹೋಲಿಸುವುದು. ಹೊಟ್ಟೆಯಡಿಯ ಅಗಲ ಹುರುಪೆಗಳ ಅಂಚನ್ನು ಗೊತ್ತಾದ ಕ್ರಮದಲ್ಲಿ ಕತ್ತರಿಸಿದರೆ ಪ್ರತಿ ಹಾವಿಗೂ ಒಂದೊಂದು ಸಂಖ್ಯೆ ಸಿಕ್ಕಂತಾಗುತ್ತದೆ. ಈ ವಿಧಾನ 1930ರ ದಶಕದಿಂದಲೂ ಬಳಕೆಯಲ್ಲಿದೆ. ಈಗ ಅಕ್ಕಿಕಾಳಿನಷ್ಟು ದೊಡ್ಡ ಗಾಜಿನ ಕೋಶದೊಳಗಿರುವ, ಪಿಐಟಿ ಟ್ಯಾಗ್ ಎಂಬ ಚಿಪ್ ಅನ್ನು ದಪ್ಪ ಸೂಜಿಯಿಂದ ಚರ್ಮದಡಿಗೆ ಸೇರಿಸುತ್ತಾರೆ. ಅದರಲ್ಲಿ ಬ್ಯಾಟರಿ ಇಲ್ಲ; ಓದುವ ಯಂತ್ರವನ್ನು ಹತ್ತಿರ ಹಿಡಿದಾಗ ಮಾತ್ರ ಅದು ತನ್ನ ಸಂಖ್ಯೆಯನ್ನು ತಿಳಿಸುವುದರಿಂದ ಹಾವಿನ ಜೀವಮಾನವಿಡೀ ಬಾಳುತ್ತದೆ. ಎರಡೂ ವಿಧಾನಗಳ ದೌರ್ಬಲ್ಯ ಒಂದೇ: ಹಾವು ಮತ್ತೆ ಸಿಗಬೇಕು, ಮತ್ತು ಹಾವುಗಳು ಸಾಮಾನ್ಯವಾಗಿ ಮತ್ತೆ ಸಿಗುವುದಿಲ್ಲ.

ಹಿಡಿಯುವ ಕ್ರಮದಲ್ಲಿಯೂ ಸಂಶೋಧಕರ ರೀತಿ ಬೀದಿಯ ಪ್ರದರ್ಶನಕ್ಕಿಂತ ಬೇರೆ. ಕತ್ತನ್ನು ನೆಲಕ್ಕೆ ಒತ್ತಿ ತಲೆಯ ಹಿಂಭಾಗವನ್ನು ಬೆರಳುಗಳಿಂದ ಹಿಡಿಯುವ ಹಳೆಯ ಪದ್ಧತಿಯಿಂದ ಹಾವಿನ ಕತ್ತಿನ ಎಲುಬಿಗೂ ಹಿಡಿದವನ ಬೆರಳಿಗೂ ಅಪಾಯ. ಇಕ್ಕಳದಂಥ ಉಪಕರಣ ಪಕ್ಕೆಲುಬುಗಳನ್ನು ಮುರಿಯಬಲ್ಲದು. ಆದ್ದರಿಂದ ಉದ್ದ ಕೋಲಿನ ತುದಿಯ ಕೊಕ್ಕೆಯಿಂದ ದೇಹದ ಭಾರವನ್ನು ಎತ್ತಿ, ಹಾವು ತಾನಾಗಿ ಒಳಹೊಗುವಂತೆ ಚೀಲವನ್ನು ಒಡ್ಡುವುದು ಈಗಿನ ಕ್ರಮ: ಕಪ್ಪು ಬಟ್ಟೆಯ ಚೀಲದ ಬಾಯಿಗೆ ಅಗಲವಾದ ಪ್ಲಾಸ್ಟಿಕ್ ಕೊಳವೆಯೊಂದನ್ನು ಕಟ್ಟಿ ನೆಲದ ಮೇಲಿಟ್ಟರೆ, ಅಡಗಲು ಜಾಗ ಹುಡುಕುತ್ತಿರುವ ಹಾವು ಅದನ್ನು ಬಿಲವೆಂದು ತಿಳಿದು ಒಳಗೆ ನುಗ್ಗುತ್ತದೆ, ಹತ್ತು ಅಡಿಯ ಕಾಳಿಂಗ ಕೂಡ ಇದಕ್ಕೆ ಹೊರತಲ್ಲ. ಅಳತೆ ತೆಗೆಯುವಾಗಲೂ ಕೊಳವೆಯೇ ಬೇಕು. ಹಾವಿನ ಸುತ್ತಳತೆಗೆ ಸರಿಹೊಂದುವ, ಅಂದರೆ ತಲೆ ಹಿಂದಕ್ಕೆ ತಿರುಗಲಾರದಷ್ಟು ಬಿಗಿಯಾದ ಪಾರದರ್ಶಕ ಕೊಳವೆಯೊಳಗೆ ಅದರ ಮುಂಭಾಗ ಸರಿದು ಹೋದ ಕ್ಷಣದಲ್ಲಿ ಕೊಳವೆಯ ಅಂಚನ್ನೂ ದೇಹವನ್ನೂ ಒಟ್ಟಿಗೆ ಹಿಡಿದರೆ ಹಾವಿಗೆ ಕಚ್ಚಲು ದಾರಿಯಿರದು. ಉದ್ದ, ತೂಕ, ಲಿಂಗ, ಗಾಯ, ಉಣ್ಣೆಹುಳು ಎಲ್ಲವನ್ನೂ ಹೀಗೆ ನೋಡಿ ಬರೆದುಕೊಳ್ಳುತ್ತಾರೆ. ಈ ಕೆಲಸದಲ್ಲಿ ಶೌರ್ಯ ಕಾಣುವುದಿಲ್ಲ, ಕಾಣಲೂಬಾರದು.

ಇಲ್ಲಿ ಕಾನೂನಿನ ಮಾತೂ ಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯ ಪ್ರಕಾರ ಕಾಡುಪ್ರಾಣಿಯನ್ನು ಕೊಲ್ಲುವುದಷ್ಟೇ ಬೇಟೆಯಲ್ಲ, ಹಿಡಿಯುವುದೂ ಬೇಟೆಯೇ. ಹಾಗಾಗಿ ಪಿಎಚ್‌ಡಿ ವಿದ್ಯಾರ್ಥಿಯಾದರೂ ಹಾವನ್ನು ಮುಟ್ಟುವ ಮೊದಲು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಂದ ಲಿಖಿತ ಅನುಮತಿ ಪಡೆಯಬೇಕಾಗುತ್ತದೆ. ಎಷ್ಟು ಹಾವು, ಯಾವ ಪ್ರಭೇದ, ಯಾವ ಜಾಗ, ಏನೇನು ಮಾಡಲಾಗುತ್ತದೆ ಎಂಬ ವಿವರವೆಲ್ಲ ಅರ್ಜಿಯಲ್ಲಿರಬೇಕು. ಸಂಶೋಧಕರು ಹಾವಿಗಾಗಿ ಕಾಯುವುದಕ್ಕಿಂತ ಹೆಚ್ಚು ಕಾಲ ಕಡತಕ್ಕಾಗಿ ಕಾಯುತ್ತಾರೆಂದರೆ ಅದು ಪೂರ್ತಿ ಕುಚೋದ್ಯವೇನಲ್ಲ.

ಹಾವು ಮತ್ತೆ ಸಿಗುವವರೆಗೆ ಕಾಯದೆ ಅದರ ಹಿಂದೆಯೇ ಹೋಗಲು ಸಾಧ್ಯವಾದದ್ದು ರೇಡಿಯೊ ಟೆಲಿಮೆಟ್ರಿಯಿಂದ. ಪ್ರಾಣಿಯ ಮೈಮೇಲೆ ಅಥವಾ ಒಳಗೆ ಇರಿಸಿದ ಪುಟ್ಟ ಟ್ರಾನ್ಸ್‌ಮಿಟರ್ ನಿಗದಿತ ತರಂಗಾಂತರದಲ್ಲಿ ಮಿಡಿತದಂಥ ಸಂಕೇತಗಳನ್ನು ಹೊರಡಿಸುತ್ತದೆ, ಸಂಶೋಧಕರು ಕೈಯಲ್ಲಿ ಹಿಡಿದ ಆಂಟೆನಾವನ್ನು ಸುತ್ತಲೂ ತಿರುಗಿಸುತ್ತ ರಿಸೀವರಿನಲ್ಲಿ ಟಿಕ್ ಟಿಕ್ ಸದ್ದು ಯಾವ ದಿಕ್ಕಿನಲ್ಲಿ ಜೋರಾಗಿ ಕೇಳುತ್ತದೆಂದು ನೋಡಿ ಆ ಕಡೆ ನಡೆಯುತ್ತಾರೆ. ಚಿರತೆಗಾದರೆ ಕೊರಳಪಟ್ಟಿ ಹಾಕಬಹುದು. ಹೆಗಲೇ ಇಲ್ಲದ ಹಾವಿನ ಕೊರಳಲ್ಲಿ ಪಟ್ಟಿ ನಿಲ್ಲುವುದಿಲ್ಲ, ಮೈಗೆ ಅಂಟಿಸಿದರೆ ಪೊರೆ ಕಳಚಿದಾಗ ಅದೂ ಕಳಚಿ ಹೋಗುತ್ತದೆ. ಉಪಗ್ರಹದಿಂದ ಸ್ಥಾನ ಪಡೆಯುವ ಜಿಪಿಎಸ್ ಉಪಕರಣಕ್ಕೆ ತೆರೆದ ಆಕಾಶ ಬೇಕು, ಹಾವಾದರೋ ಮಣ್ಣಿನಡಿ ಇರುತ್ತದೆ. ಹೀಗಾಗಿ ಉಪಕರಣವನ್ನು ಹಾವಿನ ದೇಹದೊಳಗೇ ಇಡಬೇಕಾಯಿತು. ಅಮೆರಿಕದ ಕಾನ್ಸಾಸ್‌ನಲ್ಲಿ ಹೆನ್ರಿ ಫಿಚ್ ಮತ್ತು ಸಂಗಡಿಗರು 1971ರ ಹೊತ್ತಿಗೆ ಪ್ರಕಟಿಸಿದ ಅಧ್ಯಯನದಲ್ಲಿ ಹಾವುಗಳಿಗೆ ಟ್ರಾನ್ಸ್‌ಮಿಟರನ್ನು ನುಂಗಿಸಿದ್ದರು. ಆದರೆ ಹೊಟ್ಟೆಯಲ್ಲಿ ಗಟ್ಟಿ ವಸ್ತುವಿರುವ ಹಾವು ಊಟ ಮಾಡಿದ ಹಾವಿನಂತೆಯೇ ವರ್ತಿಸುತ್ತದೆ, ಬೆಚ್ಚಗಿನ ಜಾಗ ಹುಡುಕಿ ಅಲ್ಲಾಡದೆ ಮಲಗುತ್ತದೆ, ಸ್ವಲ್ಪ ದಿನಗಳಲ್ಲಿ ಅದನ್ನು ಕಕ್ಕಿಯೂ ಬಿಡಬಹುದು. ಅಂದರೆ ಅಳೆಯುವ ಉಪಕರಣವೇ ಅಳೆಯಬೇಕಾದ ವರ್ತನೆಯನ್ನು ಕೆಡಿಸಿತ್ತು. 1982ರಲ್ಲಿ ಹೊವಾರ್ಡ್ ರೈನರ್ಟ್ ಮತ್ತು ಡೇವಿಡ್ ಕಂಡಲ್ ಸೂಚಿಸಿದ ಶಸ್ತ್ರಚಿಕಿತ್ಸೆಯ ಕ್ರಮ ಈ ತೊಡಕನ್ನು ಬಿಡಿಸಿತು ಮತ್ತು ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಇಂದಿಗೂ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ.

ಆ ಕ್ರಮದಲ್ಲಿ ಕೊಳವೆಯೊಳಗಿರುವ ಹಾವಿಗೆ ಅರಿವಳಿಕೆಯ ಆವಿಯನ್ನು ಉಸಿರಾಡಿಸುತ್ತಾರೆ. ಹಾವಿನ ಉಸಿರಾಟ ನಿಧಾನವಾದ್ದರಿಂದ ಮಂಪರು ಹತ್ತಲು ಬಹಳ ಹೊತ್ತು ಹಿಡಿಯುತ್ತದೆ. ದೇಹದ ಹಿಂಭಾಗದಲ್ಲಿ, ಪಕ್ಕೆಯ ಕೆಳಸಾಲಿನ ಹುರುಪೆಗಳ ನಡುವೆ ಸಣ್ಣದೊಂದು ಕೊಯ್ತ ಹಾಕಿ, ಮೇಣದಂಥ ಲೇಪವಿರುವ ಟ್ರಾನ್ಸ್‌ಮಿಟರನ್ನು ಒಡಲ ಕುಹರದೊಳಗೆ ಇರಿಸಿ, ಅದರ ತೆಳ್ಳನೆಯ ಆಂಟೆನಾ ತಂತಿಯನ್ನು ಚರ್ಮದಡಿಯಲ್ಲಿ ಮೈಯುದ್ದಕ್ಕೆ ಸರಿಸಿ ಹೊಲಿಗೆ ಹಾಕುತ್ತಾರೆ. ಉಪಕರಣದ ತೂಕ ಹಾವಿನ ತೂಕದ ನೂರರಲ್ಲಿ ಕೆಲವೇ ಪಾಲನ್ನು ಮೀರಬಾರದೆಂಬ ನಿಯಮವಿರುವುದರಿಂದ ಬ್ಯಾಟರಿ ದೊಡ್ಡದಿರಲಾರದು. ಬ್ಯಾಟರಿ ಮುಗಿಯುವ ಮುನ್ನ ಹಾವನ್ನು ಮತ್ತೆ ಹಿಡಿದು, ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಮಾಡಿ ಅದನ್ನು ಹೊರತೆಗೆಯುವುದು ಸಂಶೋಧಕರ ಹೊಣೆ. ಕೆಲವು ಟ್ರಾನ್ಸ್‌ಮಿಟರುಗಳ ಮಿಡಿತದ ವೇಗ ಶಾಖಕ್ಕೆ ತಕ್ಕಂತೆ ಏರಿಳಿಯುವುದರಿಂದ, ಹಾವನ್ನು ಕಣ್ಣಾರೆ ಕಾಣದೆಯೇ ಬಿಲದೊಳಗೆ ಅದರ ಮೈ ಎಷ್ಟು ಬಿಸಿಯಿದೆಯೆಂದು ಎಣಿಸಿ ಹೇಳಬಹುದು.

ಕರ್ನಾಟಕದಲ್ಲಿ ಈ ವಿದ್ಯೆಗೆ ನೆಲೆಯಾದದ್ದು ಆಗುಂಬೆ. ಅಲ್ಲಿನ ಕೆಲಸದ ಹಿಂದಿರುವ ಹಾವುತಜ್ಞ ರೊಮುಲಸ್ ವ್ಹಿಟೇಕರ್ ಅವರಿಗೂ ಮುಂಬಯಿಗೂ ಕನ್ನಡನಾಡಿಗೂ ಒಂದು ಹಳೆಯ ನಂಟಿದೆ: ನ್ಯೂಯಾರ್ಕಿನಲ್ಲಿ ಹುಟ್ಟಿದ ಅವರು ಬಾಲ್ಯದಲ್ಲೇ ತಾಯಿಯೊಡನೆ ಮುಂಬಯಿಗೆ ಬಂದವರು, ಅವರ ಮಲತಂದೆ ರಾಮ ಚಟ್ಟೋಪಾಧ್ಯಾಯ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರ ಮಗ. 1970ರ ದಶಕದ ಆರಂಭದಲ್ಲಿ ಆಗುಂಬೆಯ ಕಾಳಿಂಗಗಳನ್ನು ಕಂಡಿದ್ದ ವ್ಹಿಟೇಕರ್, 2005ರಲ್ಲಿ ತಮಗೆ ಸಂದ ವ್ಹಿಟ್ಲಿ ಪ್ರಶಸ್ತಿಯ ಹಣದ ನೆರವಿನಿಂದ ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನು ತೆರೆದರು. 2008ರಲ್ಲಿ ಅಲ್ಲಿ ಕಾಳಿಂಗ ಸರ್ಪಗಳ ರೇಡಿಯೊ ಟೆಲಿಮೆಟ್ರಿ ಶುರುವಾಯಿತು. ಈ ತಂಡದಲ್ಲಿದ್ದ ಪಿ. ಗೌರಿ ಶಂಕರ್ ಮುಂದೆ ಆಗುಂಬೆಯ ಬಳಿಯಲ್ಲೇ ಕಾಳಿಂಗ ಮಳೆಕಾಡು ಪರಿಸರ ಕೇಂದ್ರವನ್ನು ಕಟ್ಟಿದರು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಗುಡ್ಡಕ್ಕೆ ತಾಗಿದ ಸಂಕೇತ ಪ್ರತಿಧ್ವನಿಸಿ ದಿಕ್ಕು ತಪ್ಪಿಸುವ, ಉಂಬಳ ತುಂಬಿದ ಕಾಡಿನಲ್ಲಿ ಆಂಟೆನಾ ಹಿಡಿದು ಓಡಾಡುವುದು ಸುಲಭದ ಕೆಲಸವಲ್ಲ. ಕಾಳಿಂಗ ಹಗಲು ಸಂಚರಿಸುವ ಹಾವಾದ್ದರಿಂದ ಬೆಳಿಗ್ಗೆ ಅದು ಅಡಗುತಾಣದಿಂದ ಹೊರಡುವುದಕ್ಕೆ ಮುಂಚೆ ಅಲ್ಲಿರಬೇಕು, ಅದಕ್ಕೆ ತಮ್ಮ ಇರವು ಗೊತ್ತಾಗದಷ್ಟು ದೂರದಲ್ಲಿ ದಿನವಿಡೀ ನಡೆಯಬೇಕು, ಸಂಜೆ ಅದು ಮತ್ತೊಂದು ಬಿಲ ಸೇರಿದ ಮೇಲೆಯೇ ಮನೆಗೆ ಮರಳಬೇಕು.

ಈ ನಡಿಗೆಯಿಂದ ದೊರೆತ ತಿಳಿವಳಿಕೆ ದಟ್ಟ ಕಾಡಿನ ರಾಜನೆಂಬ ಕಲ್ಪನೆಯನ್ನು ಸಾಕಷ್ಟು ಬದಲಿಸಿತು. ಕಾಳಿಂಗ ಕಾಡಿನಲ್ಲಿರುವಂತೆಯೇ ಅಡಿಕೆ ತೋಟ, ಗದ್ದೆಯಂಚು, ಹಿತ್ತಲು, ಸೌದೆಯ ಕೊಟ್ಟಿಗೆಗಳಲ್ಲಿಯೂ ಓಡಾಡುತ್ತದೆ. ಅದರ ಆಹಾರ ಇತರ ಹಾವುಗಳಾದ್ದರಿಂದ, ಇಲಿ ಹಿಡಿಯಲು ಮನೆಯ ಸುತ್ತ ಬರುವ ಕೇರೆಯನ್ನು ಅಟ್ಟಿಕೊಂಡು ಅದೂ ಬರುತ್ತದೆ. ಬೆದೆಯ ಕಾಲದಲ್ಲಿ ಗಂಡುಗಳು ಒಂದನ್ನೊಂದು ನೆಲಕ್ಕೆ ಒತ್ತುವ ಸೆಣಸಾಟವನ್ನೂ, ಗಂಡು ಹೆಣ್ಣನ್ನೇ ಕೊಂದ ಪ್ರಸಂಗವನ್ನೂ ಸಂಶೋಧಕರು ನೋಡಿ ದಾಖಲಿಸಿದ್ದಾರೆ. ಹಾವುಗಳಲ್ಲೇ ವಿಶಿಷ್ಟವಾಗಿ ತರಗೆಲೆಗಳನ್ನು ಮೈಯ ಸುರುಳಿಯಿಂದ ಎಳೆದು ಗುಡ್ಡೆಹಾಕಿ ಗೂಡು ಕಟ್ಟುವ ಹೆಣ್ಣು ಕಾಳಿಂಗ ಅದಕ್ಕೆ ಆರಿಸಿಕೊಳ್ಳುವ ಜಾಗ ಕೆಲವೊಮ್ಮೆ ಮನೆಗಳಿಗೆ ತೀರ ಹತ್ತಿರವಿರುತ್ತದೆ. ಅಂಥಲ್ಲಿ ಗೂಡನ್ನು ಎತ್ತಿ ಒಯ್ಯದೆ, ಊರವರನ್ನು ಒಪ್ಪಿಸಿ ಮೊಟ್ಟೆಯೊಡೆಯುವ ತನಕ ಅಲ್ಲಿಯೇ ಕಾಯುವ ಪದ್ಧತಿ ಮಲೆನಾಡಿನಲ್ಲಿ ಬೇರೂರಿದೆ. ಹಿಡಿದ ಹಾವುಗಳ ಹುರುಪೆಯ ಚೂರುಗಳು ಮತ್ತು ರಸ್ತೆಯಲ್ಲಿ ಸತ್ತವುಗಳ ಅಂಗಾಂಶಗಳ ತಳಿ ಪರೀಕ್ಷೆ ಇನ್ನೊಂದು ದಾರಿಯಲ್ಲಿ ಸಾಗಿ, ಒಂದೇ ಎಂದು ತಿಳಿಯಲಾಗಿದ್ದ ಕಾಳಿಂಗ ಸರ್ಪ ನಾಲ್ಕು ಪ್ರಭೇದಗಳೆಂದು 2024ರಲ್ಲಿ ಪ್ರಕಟವಾಯಿತು. ಪಶ್ಚಿಮಘಟ್ಟದ್ದು ಈಗ ಓಫಿಯೋಫೇಗಸ್ ಕಾಳಿಂಗ.

ತುರ್ಭೆಯ ಓದುಗರಿಗೆ ಹೆಚ್ಚು ಸಂಬಂಧಿಸಿದ ಫಲಿತಾಂಶ ಸ್ಥಳಾಂತರದ ಕುರಿತಾದದ್ದು. ಆಗುಂಬೆಯ ತಂಡ 2013ರಲ್ಲಿ ಪ್ರಕಟಿಸಿದ ಪ್ರಾಥಮಿಕ ಅಧ್ಯಯನದಲ್ಲಿ, ಸಿಕ್ಕ ಜಾಗದಿಂದ ದೂರ ಒಯ್ದು ಬಿಟ್ಟ ಕಾಳಿಂಗ ತನ್ನ ನೆಲೆಯಲ್ಲೇ ಉಳಿದ ಕಾಳಿಂಗಕ್ಕಿಂತ ಬಹಳ ಹೆಚ್ಚು ಅಲೆದಾಡಿತು, ಒಂದು ಕಡೆ ನೆಲೆ ನಿಲ್ಲಲಿಲ್ಲ. ಬೆರಳೆಣಿಕೆಯ ಹಾವುಗಳಿಂದ ನಿಯಮ ಹೊರಡಿಸಲಾಗದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಇದೇ ಪ್ರಶ್ನೆಯನ್ನು ರೈನರ್ಟ್ ಅಮೆರಿಕದ ಬುಡುಬುಡಿಕೆ ಹಾವುಗಳ ಮೇಲೆ ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದಾಗ, ಸ್ಥಳಾಂತರಿಸಿದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತಿದ್ದವು, ಅಲ್ಲಿನ ನಿವಾಸಿ ಹಾವುಗಳಲ್ಲಿ ಸತ್ತದ್ದು ಸುಮಾರು ಒಂಬತ್ತರಲ್ಲಿ ಒಂದು ಪಾಲು ಮಾತ್ರ. ಕಾರಣ ಊಹಿಸಲಾಗದ್ದೇನೂ ಅಲ್ಲ: ಹಾವಿಗೆ ತನ್ನ ನೆಲದಲ್ಲಿ ಯಾವ ಬಿಲ ತಂಪು, ಯಾವ ಬಂಡೆ ಬೆಚ್ಚಗೆ, ನೀರೆಲ್ಲಿ, ಇಲಿಯ ಓಣಿ ಯಾವುದು ಎಂಬುದು ಗೊತ್ತಿರುತ್ತದೆ, ಅಪರಿಚಿತ ನೆಲದಲ್ಲಿ ಇದನ್ನೆಲ್ಲ ಹುಡುಕುತ್ತ ಬಯಲಲ್ಲಿ ಹೆಚ್ಚು ಹೊತ್ತು ಕಳೆಯುವ ಹಾವು ಹದ್ದಿಗೂ ಮುಂಗುಸಿಗೂ ಲಾರಿಯ ಚಕ್ರಕ್ಕೂ ಸುಲಭವಾಗಿ ಸಿಗುತ್ತದೆ. ಥಾಯ್ಲೆಂಡಿನ ಸಕೇರಾಟ್ ಜೀವಗೋಲ ಪ್ರದೇಶದ ಕಾಳಿಂಗಗಳ ಅಧ್ಯಯನವೂ ಇದಕ್ಕೆ ಪೂರಕ. ಅಲ್ಲಿನ ಹಾವುಗಳು ಕೃಷಿಭೂಮಿಯಲ್ಲಿ ತಮ್ಮ ಓಡಾಟವನ್ನು ತಗ್ಗಿಸಿ, ನೀರಾವರಿ ಕಾಲುವೆಯ ದಂಡೆಯಂಥ ಪೊದೆಯ ಪಟ್ಟಿಗಳಿಗೆ ಅಂಟಿಕೊಂಡಿದ್ದವು. ಮನುಷ್ಯ ಖಾಲಿ ಎಂದುಕೊಂಡ ಮೂಲೆಗಳೇ ಅವುಗಳ ದಾರಿಗಳು.

ಒಯ್ದು ಬಿಟ್ಟ ಪ್ರಾಣಿಯ ಇಂಥ ಅಲೆದಾಟ ತುರ್ಭೆಯ ಸುತ್ತಲಿನವರಿಗೆ ಚಿರತೆಯ ರೂಪದಲ್ಲಿ ಪರಿಚಿತವೇ ಆಗಿದೆ. 2009ರಲ್ಲಿ ಅಹಮದ್‌ನಗರ ಜಿಲ್ಲೆಯ ಬಾವಿಯಿಂದೆತ್ತಿ, ಜಿಪಿಎಸ್ ಕೊರಳಪಟ್ಟಿ ಹಾಕಿ ಮಾಳ್ಶೇಜ್ ಘಾಟಿನಲ್ಲಿ ಬಿಟ್ಟ ‘ಆಜೋಬಾ’ ಎಂಬ ಚಿರತೆ ಥಾಣೆ ಜಿಲ್ಲೆಯನ್ನು ಹಾದು, ಸುಮಾರು 120 ಕಿಲೋಮೀಟರ್ ನಡೆದು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಡೆಗೆ ಬಂದಿತ್ತು. ಚಿರತೆಯ ಈ ನಡಿಗೆ ಸಿನಿಮಾ ಆಯಿತು. ಹಾವಿನ ಅಲೆದಾಟ ಯಾರಿಗೂ ಕಾಣುವುದಿಲ್ಲವಾದ್ದರಿಂದ, ಅದನ್ನು ದೂರದ ಹಸಿರು ಜಾಗಕ್ಕೆ ಒಯ್ದು ಬಿಟ್ಟರೆ ಒಳಿತಾಯಿತೆಂಬ ನಂಬಿಕೆ ಹಾಗೆಯೇ ಉಳಿದುಕೊಂಡಿದೆ. ಹಿಡಿದ ಹಾವನ್ನು ಆದಷ್ಟು ಬೇಗ, ಸಿಕ್ಕ ಸ್ಥಳಕ್ಕೆ ಸಾಧ್ಯವಾದಷ್ಟು ಹತ್ತಿರದಲ್ಲಿ ಬಿಡಬೇಕೆಂಬುದು ಈ ಎಲ್ಲ ಅಧ್ಯಯನಗಳಿಂದ ಹೊರಡುವ ಸಲಹೆ, ಮತ್ತು ವಸತಿ ಸೊಸೈಟಿಯ ಸಭೆಯೊಂದರಲ್ಲಿ ಇದಕ್ಕಿಂತ ಅಪ್ರಿಯವಾದ ಸಲಹೆ ಇನ್ನೊಂದಿರಲಾರದು. ಸರ್ಪಮಿತ್ರರ ಇಕ್ಕಟ್ಟು ಇಲ್ಲಿದೆ. ಅವರ ಮುಂದಿರುವುದು ಹಾವಷ್ಟೇ ಅಲ್ಲ, ಹಾವು ದೂರ ಹೋಗಲೆಂದು ಕಾದು ನಿಂತ ಜನವೂ ಹೌದು.

ಆ ಜನರ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ತಪ್ಪಾಗುತ್ತದೆ. 2000ರಿಂದ 2019ರವರೆಗಿನ ಅವಧಿಯಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ, ಮತ್ತು ಸತ್ತವರಲ್ಲಿ ಹೆಚ್ಚಿನವರು ಹಳ್ಳಿಗರು. ಈ ಸಾವುಗಳಲ್ಲಿ ದೊಡ್ಡ ಪಾಲು ಕೊಳಕು ಮಂಡಲದ್ದಾದ್ದರಿಂದ ಕರ್ನಾಟಕದ ಹುಣಸೂರು ಸುತ್ತಲಿನ ಹೊಲಗಳಲ್ಲಿ ಈ ಹಾವಿಗೂ ಟ್ರಾನ್ಸ್‌ಮಿಟರ್ ಇರಿಸಿ ಅಧ್ಯಯನ ನಡೆಸಲಾಗಿದೆ. ಕಾಳಿಂಗದಂತೆ ಇದು ಅಲೆದಾಡಿ ಬೇಟೆಯಾಡುವ ಹಾವಲ್ಲ. ಇಲಿ ಬರುವ ದಾರಿಯ ಪಕ್ಕದಲ್ಲಿ ಸುರುಳಿ ಸುತ್ತಿಕೊಂಡು ಗಂಟೆಗಟ್ಟಲೆ ಕಾಯುವ ಹಾವು, ಮೈಬಣ್ಣ ಒಣಗಿದ ಎಲೆಯೊಡನೆ ಬೆರೆತುಹೋಗುವುದರಿಂದ ಹೊಲದಲ್ಲಿ ಕೆಲಸ ಮಾಡುವವರ ಕಾಲಿಗೆ ಸಿಕ್ಕ ಮೇಲೆಯೇ ಅದರ ಇರವು ಗೊತ್ತಾಗುತ್ತದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದರಿಂದ, ಹಾವು ಎಲ್ಲಿರುತ್ತದೆ ಎಂಬ ಮಾಹಿತಿಯ ಪಕ್ಕದಲ್ಲಿ ಅದು ಎಲ್ಲಿ ಕಚ್ಚುತ್ತದೆ ಎಂಬ ಮಾಹಿತಿಯನ್ನೂ ಇಟ್ಟು ನೋಡುವುದು ಸಾಧ್ಯವಾಗಬೇಕು.

ಔಷಧದ ದಿಕ್ಕಿನಲ್ಲಿಯೂ ಹಾವು ಸಿಕ್ಕ ಊರು ಮುಖ್ಯ. 1899ರಲ್ಲಿ ಪ್ಲೇಗ್ ಸಂಶೋಧನಾಲಯವಾಗಿ ಪರೇಲಿನಲ್ಲಿ ನೆಲೆಯೂರಿದ ಹಾಫ್ಕಿನ್ ಸಂಸ್ಥೆ ಮುಂದೆ ಹಾವಿನ ವಿಷದ ಅಧ್ಯಯನಕ್ಕೂ ಪ್ರತಿವಿಷ ತಯಾರಿಕೆಗೂ ಹೆಸರಾಯಿತು. ಅಲ್ಪಾಲ್ಪ ವಿಷವನ್ನು ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಬೇರ್ಪಡಿಸಿ ಮಾಡುವ ಭಾರತೀಯ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕು ಮಂಡಲ ಮತ್ತು ಕೊಂಕಣದಲ್ಲಿ ಫುರ್ಸೆ ಎನಿಸಿಕೊಳ್ಳುವ ಗರಗಸ ಮಂಡಲ ಎಂಬ ನಾಲ್ಕಕ್ಕೆ ಮಾತ್ರ ಉದ್ದೇಶಿತವಾದದ್ದು. ಇದಕ್ಕೆ ಬೇಕಾದ ವಿಷದ ಬಹುಪಾಲು ತಮಿಳುನಾಡಿನಲ್ಲಿ 1978ರಲ್ಲಿ ವ್ಹಿಟೇಕರ್ ನೆರವಿನಿಂದ ಸ್ಥಾಪನೆಯಾದ ಇರುಳ ಬುಡಕಟ್ಟಿನವರ ಸಹಕಾರಿ ಸಂಘದಿಂದ ಬರುತ್ತದೆ; ಇರುಳರು ಮಣ್ಣಿನ ಮೇಲಿನ ಗೀರು, ಹಿಕ್ಕೆ, ಪೊರೆಗಳನ್ನು ನೋಡಿ ಹಾವನ್ನು ಹುಡುಕಿ ತಂದು, ಕೆಲವು ವಾರ ಇಟ್ಟುಕೊಂಡು ವಿಷ ತೆಗೆದು, ಹೊಟ್ಟೆಯ ಹುರುಪೆಗೆ ಗುರುತು ಹಾಕಿ ಕಾಡಿಗೆ ಬಿಡುತ್ತಾರೆ. ಆಂಟೆನಾ ಇಲ್ಲದೆ ಹಾವಿನ ಜಾಡು ಹಿಡಿಯುವ ಅವರ ಕಣ್ಣಿಗೆ ಯಾವ ಉಪಕರಣವೂ ಇನ್ನೂ ಸಾಟಿಯಾಗಿಲ್ಲ. ಆದರೆ ಒಂದೇ ಜಾತಿಯ ಹಾವಿನ ವಿಷ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆಂದೂ, ಒಂದು ಮೂಲೆಯ ವಿಷದಿಂದ ಮಾಡಿದ ಔಷಧ ಇನ್ನೊಂದು ಮೂಲೆಯಲ್ಲಿ ಅಷ್ಟೇ ಸಮರ್ಥವಾಗಿರದೆಂದೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ತಂಡ ನಡೆಸಿದ ಕೆಲಸ ತೋರಿಸಿಕೊಟ್ಟಿದೆ. ಸಿಕ್ಕ ಜಾಗವನ್ನು ಬರೆದಿಡದ ಹಾವು ಈ ದೃಷ್ಟಿಯಿಂದ ಅರ್ಧ ಮಾಹಿತಿ ಮಾತ್ರ.

ತುರ್ಭೆಯಂಥಲ್ಲಿ ಟೆಲಿಮೆಟ್ರಿ ಎಲ್ಲ ಕಡೆಯೂ ಹೊಂದುವುದಿಲ್ಲ. ಗುಡ್ಡದ ಬದಿಯಲ್ಲಿ ಅದು ಸಾಧ್ಯ, ಕಾರ್ಖಾನೆಗಳ ಕಬ್ಬಿಣದ ತಗಡು ಮತ್ತು ಕಾಂಕ್ರೀಟಿನ ನಡುವೆ ಸಂಕೇತ ಚದುರಿ ಹೋಗುತ್ತದೆ. ಕೊಲ್ಲಿಯ ಕಡೆಗಂತೂ ತೊಡಕು ಇನ್ನೂ ಹೆಚ್ಚು: ಕಾಂಡ್ಲಾ ಬೇರುಗಳ ನಡುವಿನ ಕೆಸರಿನಲ್ಲಿ ಮೀನು ಹಿಡಿದು ಬದುಕುವ ನಾಯಿಮುಖದ ನೀರುಹಾವಿನೊಳಗೆ ಟ್ರಾನ್ಸ್‌ಮಿಟರ್ ಇಟ್ಟರೂ, ಭರತದ ಉಪ್ಪುನೀರು ಅದರ ಮೇಲೆ ಏರಿದೊಡನೆ ರೇಡಿಯೊ ತರಂಗವನ್ನು ಹೀರಿಕೊಂಡು ಸದ್ದನ್ನೇ ಇಲ್ಲವಾಗಿಸುತ್ತದೆ. ಅಲ್ಲಿ ಕೆಲಸಕ್ಕೆ ಬರುವುದು ಹಳೆಯ ವಿಧಾನವೇ, ಅಂದರೆ ಇಳಿತದ ಹೊತ್ತಿನಲ್ಲಿ ಹಿಡಿದು, ಅಳೆದು, ಚರ್ಮದಡಿಗೆ ಚಿಪ್ ಸೇರಿಸಿ, ಅದೇ ಬೇರಿನ ಬುಡದಲ್ಲಿ ಬಿಟ್ಟು, ಮುಂದಿನ ಇಳಿತಗಳಲ್ಲಿ ಮತ್ತೆ ಮತ್ತೆ ಹೋಗಿ ಹುಡುಕುವುದು. ಗೋದಾಮು ಮತ್ತು ಚಾಳುಗಳ ಹಾವುಗಳಿಗೂ, ಅರಣ್ಯ ಇಲಾಖೆಯ ಅನುಮತಿಯೊಡನೆ, ಸರ್ಪಮಿತ್ರರ ಪ್ರತಿ ಕರೆಯನ್ನೂ ದಿನಾಂಕ, ಪ್ರಭೇದ, ಹಿಡಿದ ಜಾಗ ಮತ್ತು ಬಿಟ್ಟ ಜಾಗಗಳ ಸಹಿತ ಒಂದೇ ವಹಿಯಲ್ಲಿ ದಾಖಲಿಸಿ, ಹಾವಿಗೆ ಸಂಖ್ಯೆಯೊಂದನ್ನು ಕೊಟ್ಟರೆ, ಪಾರಸಿಕ್ ಗುಡ್ಡಕ್ಕೆ ಒಯ್ದು ಬಿಟ್ಟ ನಾಗರಹಾವುಗಳಲ್ಲಿ ಎಷ್ಟು ಮತ್ತೆ ಎಪಿಎಂಸಿಯ ದಾರಿ ಹಿಡಿಯುತ್ತವೆ ಎಂಬುದು ಯಾವ ಶಸ್ತ್ರಚಿಕಿತ್ಸೆಯೂ ಇಲ್ಲದೆ ಕೆಲವೇ ಮಳೆಗಾಲಗಳಲ್ಲಿ ಗೊತ್ತಾಗುತ್ತದೆ.